ಮಾರಾಟವಾಗದ ಹಳೇ ಅಂಗಿಯ ನಷ್ಟ ಯಾರ ತಲೆಗೆ?

ಹಳೇ ಬಟ್ಟೆ ವ್ಯಾಪಾರದ ಬಗ್ಗೆ ಈಚೆಗೆ ಬಂದ ಸುದ್ದಿಗಳನ್ನು ಒಟ್ಟಿಗೆ ಇಟ್ಟು ಓದಿದರೆ ತಲೆ ಕೆಡುತ್ತದೆ. 2025ರ ಸೆಪ್ಟೆಂಬರಿನಲ್ಲಿ ಯುರೋಪಿನ ಸಂಸತ್ತು ಒಂದು ಹೊಸ ನಿಯಮಕ್ಕೆ ಒಪ್ಪಿಗೆ ಕೊಟ್ಟಿತು. ಹೊಸ ಬಟ್ಟೆ ಮಾರುವ ಕಂಪನಿಗಳೇ ಅದು ಹಳತಾದ ಮೇಲಿನ ಖರ್ಚನ್ನೂ ಹೊರಬೇಕು ಅನ್ನುವುದು ಅದರ ತಿರುಳು. ಅದಕ್ಕೂ ಎರಡು ವರ್ಷ ಮೊದಲು ಉಗಾಂಡದ ಅಧ್ಯಕ್ಷ ಯೊವೆರಿ ಮುಸೆವೆನಿ, ವಿದೇಶದ ಹಳೇ ಬಟ್ಟೆ ನಮಗೆ ಬೇಡವೇ ಬೇಡ, ಅದು ಸತ್ತವರ ಬಟ್ಟೆ ಎಂದು ಘೋಷಿಸಿದ್ದರು. ಆಗ ಅವರ ಮೇಲೆ ತಿರುಗಿಬಿದ್ದವರು ಯುರೋಪಿನವರಲ್ಲ, ಕಂಪಾಲಾ ಮಾರುಕಟ್ಟೆಯ ಸಣ್ಣ ವ್ಯಾಪಾರಿಗಳು. ನಮ್ಮ ದೇಶದಲ್ಲಂತೂ ಲೈಸೆನ್ಸ್ ಇಲ್ಲದೆ ವಿದೇಶಿ ಹಳೇ ಬಟ್ಟೆ ತರಿಸುವ ಹಾಗೇ ಇಲ್ಲ. ಆದರೂ ಬಂದರುಗಳಲ್ಲಿ ಕಸ್ಟಮ್ಸ್‌ನವರು ಕಂಟೇನರ್‌ಗಟ್ಟಲೆ ಹಿಡಿಯುತ್ತಲೇ ಇರುತ್ತಾರೆ.

ಪುಕ್ಕಟೆ ಕೊಟ್ಟ ಬಟ್ಟೆಯನ್ನು ಬಡ ದೇಶದ ಸರ್ಕಾರ ಬೇಡ ಅನ್ನುವುದು ಯಾಕೆ? ಸರ್ಕಾರ ಬೇಡ ಅಂದದ್ದನ್ನು ಅದೇ ದೇಶದ ಬಡ ವ್ಯಾಪಾರಿ ಬೇಕೇ ಬೇಕು ಅನ್ನುವುದು ಯಾಕೆ? ಪ್ರಪಂಚಕ್ಕೇ ಬಟ್ಟೆ ಹೊಲಿದುಕೊಡುವ ನಮಗೆ ಇದರಲ್ಲೇನು ಪಾಲು?

ಹಳೇ ಬಟ್ಟೆ ಒಳ್ಳೆಯದೋ ಕೆಟ್ಟದ್ದೋ ಅನ್ನುವ ಜಗಳ ಬರೀ ಮೇಲ್ಪದರದ್ದು. ಅದರ ಅಡಿಯಲ್ಲಿರುವುದು ಒಂದು ದುಡ್ಡಿನ ಪ್ರಶ್ನೆ. ಮಾರಾಟವಾಗದೆ ಉಳಿದ ಬಟ್ಟೆಯ ನಷ್ಟ ಯಾರು ಹೊರಬೇಕು? ಇದನ್ನು ಹಿಡಿದು ನೋಡಿದರೆ ಮೇಲಿನ ಸುದ್ದಿಗಳೆಲ್ಲ ಒಂದಕ್ಕೊಂದು ಕೂಡಿಕೊಳ್ಳುತ್ತವೆ.

ದಾನದ ಡಬ್ಬಿಗೆ ಬಿದ್ದ ಮೇಲೆ

ಯುರೋಪ್, ಅಮೆರಿಕಗಳಲ್ಲಿ ಬೇಡವಾದ ಬಟ್ಟೆಯನ್ನು ಜನ ರಸ್ತೆ ಬದಿಯ ಡಬ್ಬಿಗೆ ಹಾಕುತ್ತಾರೆ, ಇಲ್ಲವೇ ದತ್ತಿ ಸಂಸ್ಥೆಯ ಅಂಗಡಿಗೆ ಕೊಡುತ್ತಾರೆ. ಕೊಟ್ಟವರ ಲೆಕ್ಕದಲ್ಲಿ ಅದು ಯಾರೋ ಬಡವರ ಮೈಮೇಲೆ ಹೋಯಿತು. ಆದರೆ ಅಂಗಡಿಗೆ ಬರುವ ಬಟ್ಟೆ ಅಲ್ಲೇ ಮಾರಿ ಮುಗಿಸಲಾಗದಷ್ಟು ಜಾಸ್ತಿ. ಉಳಿದದ್ದನ್ನು ಸಂಸ್ಥೆಗಳು ತೂಕದ ಮೇಲೆ ಸಗಟು ವ್ಯಾಪಾರಿಗಳಿಗೆ ಮಾರುತ್ತವೆ. ದಾನ ಅಲ್ಲಿಗೆ ಮುಗಿಯಿತು, ಮುಂದಿನದೆಲ್ಲ ವ್ಯಾಪಾರ.

ವ್ಯಾಪಾರಿ ಅದನ್ನು ವಿಂಗಡಿಸುತ್ತಾನೆ. ಬ್ರಾಂಡಿನದು, ಹೆಚ್ಚೂಕಡಿಮೆ ಹೊಸದು ಅನ್ನಿಸುವಂಥದ್ದು ಯುರೋಪಿನ ದೊಡ್ಡ ನಗರಗಳ ಹಳೇ ಬಟ್ಟೆ ಅಂಗಡಿಗಳಲ್ಲೇ ಉಳಿಯುತ್ತದೆ. ಅದಕ್ಕಿಂತ ಸ್ವಲ್ಪ ಕಮ್ಮಿಯದು ಪೂರ್ವ ಯುರೋಪಿಗೆ ಹೋಗುತ್ತದೆ. ಅದರ ಕೆಳಗಿನದನ್ನು ಬೇಲ್ (ಒತ್ತಿ ಬಿಗಿದ ದೊಡ್ಡ ಮೂಟೆ) ಕಟ್ಟಿ ಆಫ್ರಿಕಾಕ್ಕೂ ಏಷ್ಯಾಕ್ಕೂ ಕಳಿಸುತ್ತಾರೆ. ಉಡಲು ಬಾರದ್ದು ಚಿಂದಿಯ ಲೆಕ್ಕಕ್ಕೆ ಸೇರುತ್ತದೆ. ಪ್ರತಿ ಮೆಟ್ಟಿಲಿನಲ್ಲೂ ಒಬ್ಬರು ಕೆನೆ ತೆಗೆದು, ಉಳಿದದ್ದನ್ನು ಕೆಳಗಿನವರಿಗೆ ದಾಟಿಸುತ್ತಾರೆ. ಕೊನೆಯ ಮೆಟ್ಟಿಲಿನಲ್ಲಿ ನಿಂತವರಿಗೆ ದಾಟಿಸಲು ಯಾರೂ ಇರುವುದಿಲ್ಲ.

ಈ ವ್ಯಾಪಾರ ಬೆಳೆದ ವೇಗ ನೋಡಿ. ಯುರೋಪಿಯನ್ ಪರಿಸರ ಸಂಸ್ಥೆಯ ಲೆಕ್ಕದಂತೆ 2000ದಲ್ಲಿ ಯುರೋಪ್ ಒಕ್ಕೂಟದಿಂದ ಹೊರಗೆ ಹೋದ ಬಳಸಿದ ಬಟ್ಟೆ ಸುಮಾರು 5.5 ಲಕ್ಷ ಟನ್. 2019ಕ್ಕೆ ಅದು ಹತ್ತಿರ ಹತ್ತಿರ 17 ಲಕ್ಷ ಟನ್ ಆಗಿತ್ತು. ಅದರಲ್ಲಿ ಶೇ 46ರಷ್ಟು ಆಫ್ರಿಕಾಕ್ಕೆ, ಶೇ 41ರಷ್ಟು ಏಷ್ಯಾಕ್ಕೆ ಹೋಯಿತು. ಜನ ಇದ್ದಕ್ಕಿದ್ದಂತೆ ಮೂರು ಪಟ್ಟು ಉದಾರಿಗಳಾದರು ಅಂತೇನಲ್ಲ. ಹೊಸ ಬಟ್ಟೆ ಅಗ್ಗವಾಯಿತು, ಕೊಳ್ಳುವುದು ಹೆಚ್ಚಾಯಿತು, ಕೊಂಡದ್ದು ಬೇಗ ಬೇಸರ ತಂದಿತು. ಅಗ್ಗದ ಬಟ್ಟೆಯಲ್ಲಿ ಪಾಲಿಯೆಸ್ಟರ್ ಜಾಸ್ತಿ, ಹೊಲಿಗೆ ತೆಳು. ಮೊದಲ ಮಾಲೀಕನ ಕೈಯಲ್ಲೇ ಸೋತುಹೋದ ಅಂಗಿ ಎರಡನೆಯವನಿಗೆ ಎಷ್ಟು ದಿನ ಬಂದೀತು?

ಬೇಲ್ ಒಡೆಯುವ ಹೊತ್ತು

ಕೊನೆಯ ಮೆಟ್ಟಿಲು ಹೇಗಿರುತ್ತದೆ ಎಂದು ನೋಡಲು ಘಾನಾದ ರಾಜಧಾನಿ ಆಕ್ರಾಕ್ಕೆ ಹೋಗಬೇಕು. ಊರಿನ ನಡುವೆಯೇ ಇರುವ ಕಾಂಟಮಾಂಟೊ ಪ್ರಪಂಚದ ಅತಿ ದೊಡ್ಡ ಹಳೇ ಬಟ್ಟೆ ಮಾರುಕಟ್ಟೆಗಳಲ್ಲಿ ಒಂದು. ಸುಮಾರು 30,000 ಜನ ಅಲ್ಲಿ ದುಡಿಯುತ್ತಾರೆ. ಅಲ್ಲಿ ಮಾರುವವರಷ್ಟೇ ಅಲ್ಲ, ದೊಡ್ಡ ಅಳತೆಯ ಪ್ಯಾಂಟನ್ನು ಬಿಚ್ಚಿ ಚಿಕ್ಕದು ಮಾಡುವ ದರ್ಜಿಗಳಿದ್ದಾರೆ. ಬಣ್ಣ ಮಾಸಿದ ಜೀನ್ಸಿಗೆ ಮತ್ತೆ ಬಣ್ಣ ಹಾಕುವವರು, ಇಸ್ತ್ರಿ ಹಾಕುವವರು, ಗುಂಡಿ ಹಚ್ಚುವವರು ಇದ್ದಾರೆ. 55 ಕಿಲೋ ತೂಗುವ ಬೇಲ್‌ಗಳನ್ನು ತಲೆಯ ಮೇಲೆ ಹೊತ್ತು ಕಿಷ್ಕಿಂಧೆಯಂಥ ಓಣಿಗಳಲ್ಲಿ ಸಾಗುವವರು ದೇಶದ ಉತ್ತರ ಭಾಗದಿಂದ ವಲಸೆ ಬಂದ ಹೆಣ್ಣುಮಕ್ಕಳು. ಅವರನ್ನು ಅಲ್ಲಿ ‘ಕಾಯಾಯೇ’ ಅನ್ನುತ್ತಾರೆ.

ಇಲ್ಲಿನ ವ್ಯಾಪಾರದ ವಿಚಿತ್ರ ಏನೆಂದರೆ, ಬೇಲ್ ಬಿಚ್ಚಿ ನೋಡಿ ಕೊಳ್ಳುವ ಹಾಗಿಲ್ಲ. ಮೇಲೆ ‘ಗಂಡಸರ ಅಂಗಿ’, ‘ಹೆಂಗಸರ ಬ್ಲೌಸ್’ ಎಂದು ಬರೆದಿರುತ್ತದೆ. ಒಳಗೇನಿದೆ ಅನ್ನುವುದು ದುಡ್ಡು ಕೊಟ್ಟು ಪಟ್ಟಿ ಕತ್ತರಿಸಿದ ಮೇಲೇ ಗೊತ್ತಾಗುವುದು. ಬಿಚ್ಚಿದ ಕೂಡಲೇ ಬಿಡಿ ವ್ಯಾಪಾರಿಗಳು ಮುಗಿಬಿದ್ದು ಒಳ್ಳೆಯದನ್ನು ಮೊದಲು ಆರಿಸಿಕೊಳ್ಳುತ್ತಾರೆ. ಅದಕ್ಕೆ ಬೆಲೆಯೂ ಜಾಸ್ತಿ. ಆಮೇಲೆ ಎರಡನೇ ಆಯ್ಕೆ, ಮೂರನೇ ಆಯ್ಕೆ. ಕೀನ್ಯಾದ ನೈರೋಬಿಯ ಗಿಕೊಂಬಾ ಮಾರುಕಟ್ಟೆಯಲ್ಲೂ ಇದೇ ಪದ್ಧತಿ.

ಒಂದು ಲೆಕ್ಕ ಹಾಕೋಣ. ಅಂಕಿಗಳು ನಮ್ಮ ಅನುಕೂಲಕ್ಕೆ ಇಟ್ಟುಕೊಂಡವು. ಒಬ್ಬಾಕೆ ಹತ್ತು ಸಾವಿರ ರೂಪಾಯಿ ಕೊಟ್ಟು ನೂರು ಅಂಗಿಯ ಬೇಲ್ ಕೊಂಡಳು ಎಂದುಕೊಳ್ಳಿ. ಒಂದು ಅಂಗಿಗೆ ನೂರು ರೂಪಾಯಿ ಬಿತ್ತು. ಬಿಚ್ಚಿ ನೋಡಿದರೆ 20 ಅಂಗಿ ಒಳ್ಳೆಯವು, 300 ರೂಪಾಯಿಯಂತೆ ಹೋದವು. 40 ಸಾಧಾರಣ, ನೂರರಂತೆ ಹೋದವು. ಉಳಿದ 40ಕ್ಕೆ ಕಂಕುಳಲ್ಲಿ ಕಲೆ, ಹರಿದ ತೋಳು, ಯಾವುದೋ ಕಂಪನಿಯ ಓಟದ ಸ್ಪರ್ಧೆಯ ಹೆಸರು. ಯಾರಿಗೂ ಬೇಡ. ಬಂದದ್ದು ಆರು ಸಾವಿರ ಮತ್ತು ನಾಲ್ಕು ಸಾವಿರ, ಅಂದರೆ ಹಾಕಿದ ಅಸಲಷ್ಟೇ. ಬಡ್ಡಿ, ಹಮಾಲಿ, ಅಂಗಡಿ ಬಾಡಿಗೆ ಎಲ್ಲ ಕೈಯಿಂದ. ಆ 40 ಅಂಗಿಯ ಜಾಗದಲ್ಲಿ 20 ಮಾತ್ರ ಕೆಟ್ಟವಿದ್ದು, ಇನ್ನಿಪ್ಪತ್ತು ಸಾಧಾರಣವಾಗಿ ಸಿಕ್ಕಿದ್ದರೆ ಎರಡು ಸಾವಿರ ಲಾಭ. ಒಬ್ಬಾಕೆಯ ಬದುಕು ನಿಂತಿರುವುದು ಆ ಇಪ್ಪತ್ತು ಅಂಗಿಯ ಮೇಲೆ. ಅವುಗಳ ಗುಣಮಟ್ಟವನ್ನು ತೀರ್ಮಾನ ಮಾಡುವವರು ಸಾವಿರಾರು ಮೈಲಿ ಆಚೆ ಇದ್ದಾರೆ. ಕೆಟ್ಟ ಬೇಲ್ ಬಂತೆಂದು ವಾಪಸ್ ಕಳಿಸುವ ವ್ಯವಸ್ಥೆಯೂ ಇಲ್ಲ.

2025ರ ಹೊಸ ವರ್ಷದ ದಿನ ರಾತ್ರಿ ಕಾಂಟಮಾಂಟೊಗೆ ಬೆಂಕಿ ಬಿತ್ತು. ಮಾರುಕಟ್ಟೆಯ ಬಹುಭಾಗ ಬೂದಿಯಾಯಿತು. ಸರಕೇನೋ ಸುಟ್ಟಿತು, ಸರಕಿಗೆ ತಂದ ಸಾಲ ಹಾಗೇ ಉಳಿಯಿತು. ಆದರೂ ಅವರೇ ಮರ, ತಗಡು ತಂದು ಕೆಲವೇ ತಿಂಗಳಲ್ಲಿ ಅಂಗಡಿಗಳನ್ನು ಮತ್ತೆ ಎಬ್ಬಿಸಿಕೊಂಡರು. ನಿಷೇಧ ಮಾಡಿಬಿಡಿ ಎಂದು ದೂರದಲ್ಲಿ ಕೂತು ಹೇಳುವವರು ಇದನ್ನು ಗಮನಿಸಬೇಕು. ಬೇರೆ ದಾರಿ ಇದ್ದಿದ್ದರೆ ಯಾರೂ ಅಷ್ಟು ಬೇಗ ಅಲ್ಲಿಗೆ ವಾಪಸ್ ಬರುತ್ತಿರಲಿಲ್ಲ.

ಕಸ ಎಷ್ಟು? ನಲವತ್ತೋ, ಐದೋ?

ಈ ವಿಷಯದ ದೊಡ್ಡ ಜಗಳ ಇದು. ಆಕ್ರಾದಲ್ಲಿ ಕೆಲಸ ಮಾಡುವ ದಿ ಓರ್ ಫೌಂಡೇಶನ್ ಎಂಬ ಸಂಸ್ಥೆಯ ಅಂದಾಜಿನ ಪ್ರಕಾರ ಕಾಂಟಮಾಂಟೊಗೆ ವಾರಕ್ಕೆ ಒಂದೂವರೆ ಕೋಟಿ ಬಟ್ಟೆ ಬರುತ್ತದೆ. ಅದರಲ್ಲಿ ಶೇ 40ರಷ್ಟು ಕಸವಾಗುತ್ತದೆ. ಆ ಕಸ ಊರಿನ ಕೊರ್ಲೆ ಲಗೂನಿಗೆ (ಸಮುದ್ರಕ್ಕೆ ಅಂಟಿದ ಹಿನ್ನೀರಿನ ಕೆರೆಗೆ), ಅಲ್ಲಿಂದ ಸಮುದ್ರಕ್ಕೆ ಸೇರುತ್ತದೆ. ದಡದ ಮರಳಿನಲ್ಲಿ ಬಟ್ಟೆಗಳು ಹಗ್ಗದಂತೆ ಹೆಣೆದುಕೊಂಡು ಹೂತಿರುವ ಚಿತ್ರಗಳು ಎಲ್ಲೆಡೆ ಹರಿದಾಡಿವೆ. ಘಾನಾದ ಹಳೇ ಬಟ್ಟೆ ವ್ಯಾಪಾರಿಗಳ ಸಂಘ ಇದನ್ನು ಒಪ್ಪುವುದಿಲ್ಲ. ಕಸ ಶೇ 5ನ್ನೂ ದಾಟುವುದಿಲ್ಲ, ದುಡ್ಡು ಕೊಟ್ಟು ಕಸ ತರಿಸಲು ನಮಗೇನು ಹುಚ್ಚೇ ಅನ್ನುವುದು ಅದರ ವಾದ.

ಯಾರು ಸರಿ? ಎರಡೂ ಕಡೆಯವರು ಬೇರೆ ಬೇರೆ ಹಂತದಲ್ಲಿ ಅಳೆಯುತ್ತಿದ್ದಾರೆ ಅನ್ನಿಸುತ್ತದೆ. ಬೇಲ್ ಬಿಚ್ಚಿದ ಕ್ಷಣಕ್ಕೇ ಬಿಸಾಡಬೇಕಾದದ್ದು ಕಮ್ಮಿ ಇರಬಹುದು. ಆದರೆ ಮೂರನೇ ಆಯ್ಕೆಯಲ್ಲೂ ಹೋಗದೆ, ಬೀದಿಯಲ್ಲಿ ಗುಡ್ಡೆ ಹಾಕಿ ಕೂಗಿದರೂ ಹೋಗದೆ, ವಾರ ಕಳೆದು ಚರಂಡಿ ಸೇರಿದ್ದನ್ನು ಕಸ ಅನ್ನಬೇಕೋ ಬೇಡವೋ? ಸೇರಿಸಿದರೆ ಅಂಕಿ ಏರುತ್ತದೆ, ಬಿಟ್ಟರೆ ಇಳಿಯುತ್ತದೆ.

ಇಬ್ಬರಿಗೂ ಅವರವರ ಹಿತಾಸಕ್ತಿ ಇದೆ. ಕಸ ಜಾಸ್ತಿ ಎಂದು ವ್ಯಾಪಾರಿ ಒಪ್ಪಿಕೊಂಡರೆ ನಿಷೇಧಕ್ಕೆ ತಾನೇ ಬಾಗಿಲು ತೆರೆದಂತೆ. ಫೌಂಡೇಶನ್ ಕೇಳುತ್ತಿರುವುದು ಬಟ್ಟೆ ಕಂಪನಿಗಳಿಂದ ಪರಿಹಾರ. ಕಸದ ಅಂಕಿ ದೊಡ್ಡದಾದಷ್ಟೂ ಆ ಬೇಡಿಕೆಗೆ ಬಲ. ಅಗ್ಗದ ಬಟ್ಟೆಗೆ ಹೆಸರಾದ ಶೀಇನ್ ಕಂಪನಿಯೇ 2022ರಲ್ಲಿ ಈ ಸಂಸ್ಥೆಗೆ ಮೂರು ವರ್ಷಕ್ಕೆ 1.5 ಕೋಟಿ ಡಾಲರ್ ಕೊಡುವುದಾಗಿ ಹೇಳಿದಾಗ ಕೆಲವರು ಹುಬ್ಬೇರಿಸಿದ್ದರು. ಹಾಗೆಂದು ಲಗೂನಿನಲ್ಲಿರುವ ಬಟ್ಟೆ ಸುಳ್ಳಾಗುವುದಿಲ್ಲ. ಅಂಕಿ ಎಷ್ಟೇ ಇರಲಿ, ಆ ಕಸ ಎತ್ತುವ ಖರ್ಚು ಬೀಳುತ್ತಿರುವುದು ಆಕ್ರಾ ನಗರಪಾಲಿಕೆಯ ಮೇಲೆ. ಬಟ್ಟೆ ಮಾರಿ ಲಾಭ ಮಾಡಿದ ಕಂಪನಿ ಅಲ್ಲೆಲ್ಲೂ ಕಾಣುವುದಿಲ್ಲ.

ನಿಷೇಧ ಹಾಕಿ ನೋಡಿದವರ ಕಥೆ

ನಿಷೇಧ ಕೇಳುವವರ ವಾದದಲ್ಲಿ ಹುರುಳಿಲ್ಲ ಎಂದಲ್ಲ. 1980-90ರ ದಶಕಗಳಲ್ಲಿ ಆಫ್ರಿಕಾದ ಹಲವು ದೇಶಗಳ ಬಟ್ಟೆ ಗಿರಣಿಗಳು ಮುಚ್ಚಿದವು. ಅರ್ಥಶಾಸ್ತ್ರಜ್ಞ ಗಾರ್ತ್ ಫ್ರೇಜರ್ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1981ರಿಂದ 2000ದವರೆಗೆ ಆಫ್ರಿಕಾದ ಸಿದ್ಧ ಉಡುಪು ಉದ್ಯಮದ ಉತ್ಪಾದನೆ ಕುಸಿದದ್ದರಲ್ಲಿ ಸುಮಾರು ಶೇ 40ರಷ್ಟಕ್ಕೆ ಹಳೇ ಬಟ್ಟೆಯ ಆಮದು ಕಾರಣ. ಉಳಿದದ್ದಕ್ಕೆ ಕಾರಣಗಳು ಬೇರೆ. ಅದೇ ಕಾಲಕ್ಕೆ ಈ ದೇಶಗಳು ಸುಂಕದ ಗೋಡೆ ಇಳಿಸಿದವು, ಏಷ್ಯಾದ ಅಗ್ಗದ ಹೊಸ ಬಟ್ಟೆ ನುಗ್ಗಿತು, ಕರೆಂಟು, ಬಂಡವಾಳ ಎರಡೂ ಸಾಲಲಿಲ್ಲ. ಗಿರಣಿ ಮುಚ್ಚಲು ಹಲವು ಕಾರಣ ಇದ್ದರೆ, ಒಂದನ್ನು ತಡೆದ ಮಾತ್ರಕ್ಕೆ ಗಿರಣಿ ತೆರೆಯುವುದಿಲ್ಲ.

2016ರಲ್ಲಿ ಕೀನ್ಯಾ, ಉಗಾಂಡ, ತಾಂಜಾನಿಯಾ, ರುವಾಂಡ ಸೇರಿದಂತೆ ಪೂರ್ವ ಆಫ್ರಿಕಾ ಸಮುದಾಯದ ನಾಯಕರು ಮೂರು ವರ್ಷದೊಳಗೆ ಹಳೇ ಬಟ್ಟೆ ಆಮದನ್ನು ಹಂತ ಹಂತವಾಗಿ ನಿಲ್ಲಿಸುವ ತೀರ್ಮಾನ ಮಾಡಿದರು. ಮುಂದಿನ ವರ್ಷವೇ ಅಮೆರಿಕದ ಹಳೇ ಬಟ್ಟೆ ವ್ಯಾಪಾರಿಗಳ ಸಂಘ ತಮ್ಮ ಸರ್ಕಾರಕ್ಕೆ ದೂರು ಕೊಟ್ಟಿತು. ಇದರಿಂದ ಅಮೆರಿಕದಲ್ಲಿ 40,000 ಕೆಲಸ ಹೋಗುತ್ತದೆ ಅನ್ನುವುದು ಅದರ ಗೋಳು. ಅಮೆರಿಕ ಈ ದೇಶಗಳಿಗೆ ಆಗೋವಾ ಎಂಬ ಕಾಯ್ದೆಯಡಿ ಸುಂಕವಿಲ್ಲದೆ ಸರಕು ಕಳಿಸುವ ಅನುಕೂಲ ಕೊಟ್ಟಿತ್ತು. ಅದನ್ನೇ ಕಿತ್ತುಕೊಳ್ಳುತ್ತೇವೆ ಎಂದು ಬೆದರಿಸಿತು.

ಆಗ ನಡೆದದ್ದು ಸ್ವಾರಸ್ಯಕರ. ಕೀನ್ಯಾ ಮೊದಲೇ ಹಿಂದೆ ಸರಿಯಿತು. ಯಾಕೆಂದರೆ ಅಮೆರಿಕಕ್ಕೆ ಸಿದ್ಧ ಉಡುಪು ಕಳಿಸುವ ದೊಡ್ಡ ಕಾರ್ಖಾನೆಗಳು ಇದ್ದದ್ದು ಅಲ್ಲೇ. ತನ್ನ ಗಾರ್ಮೆಂಟ್ ಉದ್ಯಮ ಉಳಿಸಲೆಂದು ಹೊರಟ ದೇಶ, ಅದೇ ಗಾರ್ಮೆಂಟ್ ಉದ್ಯಮಕ್ಕಾಗಿ ಸುಮ್ನಾಗಬೇಕಾಯಿತು. ಉಗಾಂಡ, ತಾಂಜಾನಿಯಾಗಳೂ ಮೆತ್ತಗಾದವು. ಕಳೆದುಕೊಳ್ಳಲು ಹೆಚ್ಚೇನೂ ಇಲ್ಲದ ಪುಟ್ಟ ರುವಾಂಡ ಮಾತ್ರ ಪಟ್ಟು ಬಿಡಲಿಲ್ಲ. ಕಿಲೋಗೆ 20 ಸೆಂಟ್ ಇದ್ದ ಸುಂಕವನ್ನು ಎರಡೂವರೆ ಡಾಲರಿಗೆ ಏರಿಸಿತು. 2018ರ ಜುಲೈನಲ್ಲಿ ಅಮೆರಿಕ ಅದರ ಉಡುಪುಗಳಿಗೆ ಕೊಟ್ಟಿದ್ದ ಸುಂಕ ವಿನಾಯಿತಿಯನ್ನು ಅಮಾನತು ಮಾಡಿತು.

ರುವಾಂಡದಲ್ಲಿ ಹಳೇ ಬಟ್ಟೆಯ ಆಮದು ಕುಸಿಯಿತು, ಕೆಲವು ಹೊಸ ಕಾರ್ಖಾನೆಗಳೂ ಬಂದವು. ಆದರೆ ಹಳೇ ಬಟ್ಟೆ ಉಡುತ್ತಿದ್ದವರಲ್ಲಿ ಎಲ್ಲರೂ ರಾಜಧಾನಿ ಕಿಗಾಲಿಯಲ್ಲಿ ಹೊಲಿದ ಅಂಗಿಗೆ ಹೋಗಲಿಲ್ಲ. ಅದು ಅವರ ಕೈಗೆ ಎಟಕುವ ಬೆಲೆಯದಲ್ಲ. ಚೀನಾದ ಅಗ್ಗದ ಹೊಸ ಬಟ್ಟೆ ಆ ಜಾಗಕ್ಕೆ ಬಂತು. ಪಕ್ಕದ ಕಾಂಗೋದಿಂದ ಕಳ್ಳಸಾಗಣೆಯೂ ಹೆಚ್ಚಿತು. ಕೆಲಸ ಕಳೆದುಕೊಂಡವರು ಸಂತೆಯಲ್ಲಿ ಬಟ್ಟೆ ಹರಡಿಕೊಂಡು ಕೂರುತ್ತಿದ್ದವರು. ಉಗಾಂಡದ ವ್ಯಾಪಾರಿಗಳು 2023ರಲ್ಲಿ ಮುಸೆವೆನಿ ಮಾತು ಕೇಳಿ ಹೆದರಿದ್ದಕ್ಕೆ ಅರ್ಥವಿದೆ ಅಲ್ವಾ?

ನಮ್ಮ ಕಾನೂನಿನ ಬಾಗಿಲು, ಕಿಟಕಿ

ಭಾರತದ ದಾರಿ ಬೇರೆ. ಇಲ್ಲಿ ಉಡಬಹುದಾದ ಹಳೇ ಬಟ್ಟೆಯ ಆಮದು ಪೂರ್ತಿ ನಿಷಿದ್ಧವಲ್ಲ, ‘ನಿರ್ಬಂಧಿತ’. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಲೈಸೆನ್ಸ್ ಇಲ್ಲದೆ ತರಿಸುವಂತಿಲ್ಲ. ಆದರೆ ಮತ್ತೆ ಉಡಲು ಬಾರದಂತೆ ಕತ್ತರಿಸಿ ಹಾಕಿದ ಚಿಂದಿಯನ್ನು ತರಿಸಬಹುದು. ಇದರ ಹಿಂದಿನ ಯೋಚನೆ ಸರಳ. ಉಡುವ ಬಟ್ಟೆ ಬಂದರೆ ನಮ್ಮ ನೇಕಾರನಿಗೂ ದರ್ಜಿಗೂ ಹೊಡೆತ, ಚಿಂದಿ ಬಂದರೆ ಕಾರ್ಖಾನೆಗೆ ಕಚ್ಚಾ ಮಾಲು.

ಆ ಚಿಂದಿ ಹೋಗುವುದು ಹರಿಯಾಣದ ಪಾಣಿಪತ್ತಿಗೆ. ಅಲ್ಲಿನ ಗೋಡೌನುಗಳಲ್ಲಿ ಹೆಂಗಸರು ನೆಲದ ಮೇಲೆ ಕೂತು, ಈಳಿಗೆಮಣೆಯಂತೆ ನೆಟ್ಟಗೆ ನಿಲ್ಲಿಸಿದ ಬ್ಲೇಡಿಗೆ ಕೋಟು, ಸ್ವೆಟರುಗಳನ್ನು ಎಳೆದು ಕುಯ್ಯುತ್ತಾರೆ. ಜಿಪ್, ಗುಂಡಿ, ಒಳಪದರ ಎಲ್ಲ ಬೇರೆಯಾಗುತ್ತದೆ. ಕೆಂಪಿನ ಗುಡ್ಡೆ, ನೀಲಿಯ ಗುಡ್ಡೆ ಎಂದು ಬಣ್ಣದ ಪ್ರಕಾರ ವಿಂಗಡಿಸುತ್ತಾರೆ. ಹೀಗೆ ಮಾಡಿದರೆ ಮತ್ತೆ ಬಣ್ಣ ಹಾಕುವ ಖರ್ಚಿಲ್ಲ. ಆಮೇಲೆ ಯಂತ್ರ ಅದನ್ನು ಹಿಂಜಿ, ನೂಲು ತೆಗೆದು, ಕಂಬಳಿ ಮಾಡುತ್ತದೆ. ಭೂಕಂಪ, ನೆರೆ ಬಂದಲ್ಲಿ ಪರಿಹಾರ ಸಂಸ್ಥೆಗಳು ಹಂಚುವ ದೊರಗು ಕಂಬಳಿಗಳು ಬಹಳ ಕಾಲ ಬಂದದ್ದು ಇಲ್ಲಿಂದಲೇ. ಈಗ ಹೊಸ ಪಾಲಿಯೆಸ್ಟರಿನ ಮೆತ್ತನೆ ಕಂಬಳಿಗಳು ಆ ಮಾರುಕಟ್ಟೆಯನ್ನು ಕಿತ್ತುಕೊಂಡಿವೆ. ಪಾಣಿಪತ್ತಿನ ಹಲವು ಮಾಲೀಕರು ತಾವೂ ಅದೇ ಕಂಬಳಿ ಮಾಡಲು ಶುರು ಮಾಡಿದ್ದಾರೆ. ಚಿಂದಿಯನ್ನು ನೂಲಾಗಿಸುವ ಉದ್ಯಮಕ್ಕೂ ಅಗ್ಗದ ಹೊಸ ಮಾಲೇ ಶತ್ರು.

ಇನ್ನೊಂದು ದಾರಿ ಗುಜರಾತಿನ ಕಾಂಡ್ಲಾ ವಿಶೇಷ ಆರ್ಥಿಕ ವಲಯ. 1965ರಲ್ಲಿ ಏಷ್ಯಾದ ಮೊದಲ ರಫ್ತು ವಲಯವಾಗಿ ಶುರುವಾದ ಜಾಗ ಇದು. ಇಲ್ಲಿನ ಕೆಲವು ಘಟಕಗಳಿಗೆ ವಿದೇಶಿ ಹಳೇ ಬಟ್ಟೆ ತರಿಸಿ, ವಿಂಗಡಿಸಿ, ಮತ್ತೆ ಹೊರದೇಶಕ್ಕೆ ಕಳಿಸಲು ಅನುಮತಿ ಇದೆ. ಕೆನಡಾದ ಅಂಗಿಯೊಂದು ಕಾಂಡ್ಲಾದ ಮಹಿಳೆಯರ ಕೈಯಲ್ಲಿ ವಿಂಗಡಣೆಯಾಗಿ ಆಫ್ರಿಕಾಕ್ಕೆ ಹೊರಡುವುದು ಮಾಮೂಲು. ಅಂದರೆ ಕಾಂಟಮಾಂಟೊದಂಥ ಮಾರುಕಟ್ಟೆಗಳಿಗೆ ಬೇಲ್ ಕಟ್ಟುವವರಲ್ಲಿ ನಾವೂ ಇದ್ದೇವೆ. ಆಫ್ರಿಕಾದ ಕಷ್ಟವನ್ನು ಬರೀ ಬಿಳಿಯರ ತಪ್ಪು ಎಂದು ಓದುವಾಗ ಇದು ನೆನಪಿರಲಿ.

ಇಷ್ಟಾದರೂ ಬೀದಿಯಲ್ಲಿ ವಿದೇಶಿ ಹಳೇ ಜಾಕೆಟ್ ಸಿಗುವುದು ಹೇಗೆ? ಒಂದು ಭಾಗ ಚಿಂದಿ ಎಂದು ಸುಳ್ಳು ಘೋಷಣೆ ಮಾಡಿ ಬಂದದ್ದು. ಇನ್ನೊಂದು ಭಾಗ ಗಡಿ ದಾಟಿ ಬಂದದ್ದು. ಈಶಾನ್ಯ ರಾಜ್ಯಗಳ ಪೇಟೆಗಳಲ್ಲಂತೂ ಅದು ರಾಜಾರೋಷವಾಗಿ ಮಾರಾಟವಾಗುತ್ತದೆ. ಮೂರನೆಯದು ಕಾನೂನಿನಲ್ಲೇ ಇರುವ ಕಿಟಕಿ. ಕಸ್ಟಮ್ಸ್ ಕಾಯ್ದೆಯ 125ನೇ ಕಲಮಿನ ಪ್ರಕಾರ, ಮುಟ್ಟುಗೋಲಿಗೆ ಒಳಗಾದ ಸರಕನ್ನು ದಂಡ ಕಟ್ಟಿ ಬಿಡಿಸಿಕೊಳ್ಳುವ ಅವಕಾಶ ಕೊಡಬಹುದು. ದಂಡ ಕಟ್ಟಿದ ಮೇಲೂ ಲಾಭ ಉಳಿಯುತ್ತದೆ ಅಂತಾದರೆ, ಅದು ದಂಡವಾಗಿ ಉಳಿಯುವುದಿಲ್ಲ. ವ್ಯಾಪಾರಿಯ ಪುಸ್ತಕದಲ್ಲಿ ಅದು ಇನ್ನೊಂದು ಸುಂಕ ಅಷ್ಟೇ.

ಪಾಕಿಸ್ತಾನ ಇದಕ್ಕೆ ತದ್ವಿರುದ್ಧ. ಅದು ಹಳೇ ಬಟ್ಟೆಯನ್ನು ದೊಡ್ಡ ಪ್ರಮಾಣದಲ್ಲಿ ತರಿಸುತ್ತದೆ. ಅಲ್ಲಿನ ಊರೂರಲ್ಲೂ ಲಂಡಾ ಬಜಾರ್ ಅನ್ನುವ ಹಳೇ ಬಟ್ಟೆ ಸಂತೆಗಳಿವೆ. ಆದರೂ ಜವಳಿಯೇ ಅದರ ಮುಖ್ಯ ರಫ್ತು. ಹಳೇ ಬಟ್ಟೆ ಬಂದರೆ ಜವಳಿ ಉದ್ಯಮ ಸತ್ತೇಹೋಗುತ್ತದೆ ಅನ್ನುವ ವಾದವನ್ನು ಹಾಗಾಗಿ ಕಣ್ಣು ಮುಚ್ಚಿ ಒಪ್ಪಲಾಗದು.

ಪಾತ್ರೆ ಕೊಟ್ಟು ಬಟ್ಟೆ ಕೊಳ್ಳುವವರು

ಆಮದಿನ ಗದ್ದಲದಲ್ಲಿ ಮರೆತುಹೋಗುವುದು ನಮ್ಮದೇ ಮನೆಗಳ ಹಳೇ ಬಟ್ಟೆ. ಫ್ಯಾಷನ್ ಫಾರ್ ಗುಡ್ ಸಂಸ್ಥೆಯ 2022ರ ವರದಿಯ ಪ್ರಕಾರ ಭಾರತದಲ್ಲಿ ವರ್ಷಕ್ಕೆ ಸುಮಾರು 78 ಲಕ್ಷ ಟನ್ ಜವಳಿ ತ್ಯಾಜ್ಯ ಸೇರುತ್ತದೆ. ಅದರಲ್ಲಿ ಹೊರದೇಶದಿಂದ ಬಂದದ್ದು ಶೇ 7 ಮಾತ್ರ. ಅರ್ಧಕ್ಕಿಂತ ಜಾಸ್ತಿ ನಾವೇ ಉಟ್ಟು ಬಿಟ್ಟದ್ದು. ಉಳಿದದ್ದು ಕಾರ್ಖಾನೆಗಳ ಕತ್ತರಿ ತುಂಡು.

ಇದನ್ನು ಮನೆಮನೆಯಿಂದ ಎತ್ತುವ ಕೆಲಸವನ್ನು ಉತ್ತರ ಭಾರತದಲ್ಲಿ ತಲೆಮಾರುಗಳಿಂದ ಮಾಡಿಕೊಂಡು ಬಂದವರು ಗುಜರಾತ್ ಮೂಲದ ವಾಘ್ರಿ ಸಮುದಾಯದ ಹೆಂಗಸರು. ಬುಟ್ಟಿಯಲ್ಲಿ ಸ್ಟೀಲ್ ಪಾತ್ರೆ ಹೊತ್ತು ಬರುತ್ತಾರೆ. ಹೊಸ್ತಿಲ ಮೇಲೆ ಚೌಕಾಶಿ ಶುರು. ಮನೆಯಾಕೆ ಎರಡು ಸೀರೆ ತಂದಿಟ್ಟು ದೊಡ್ಡ ಡಬ್ಬಿ ಕೇಳುತ್ತಾಳೆ. ಪಾತ್ರೆಯವಳು ಸೀರೆಯನ್ನು ಬೆಳಕಿಗೆ ಹಿಡಿದು ಸವೆದಿದೆಯೇ ಎಂದು ನೋಡುತ್ತಾಳೆ, ಪ್ಯಾಂಟಿನ ಕೂರುವ ಜಾಗ, ಅಂಗಿಯ ಕಾಲರ್ ತಡವುತ್ತಾಳೆ. ಇನ್ನೊಂದು ಜೀನ್ಸ್ ಹಾಕಿದರೆ ಡಬ್ಬಿ, ಇಲ್ಲದಿದ್ದರೆ ಬರೀ ಬಟ್ಟಲು. ಹೀಗೆ ಕೂಡಿದ್ದು ದೆಹಲಿಯ ರಘುಬೀರ್ ನಗರದ ಸಂತೆಗೆ ಹೋಗುತ್ತದೆ. ಬೆಳಗಾಗುವ ಮುಂಚೆಯೇ ಟಾರ್ಚ್ ಬೆಳಕಿನಲ್ಲಿ ಅಲ್ಲಿ ವ್ಯಾಪಾರ ನಡೆಯುತ್ತದೆ. ಕೊಂಡವರು ಒಗೆದು, ಗುಂಡಿ ಹಚ್ಚಿ, ಇಸ್ತ್ರಿ ಹಾಕಿ ವಾರದ ಸಂತೆಗಳಿಗೆ ಒಯ್ಯುತ್ತಾರೆ. ಕಾಂಟಮಾಂಟೊಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ. ಇಲ್ಲಿ ಕೊಳ್ಳುವವಳು ಬಟ್ಟೆಯನ್ನು ಮುಟ್ಟಿ ನೋಡಿ ಕೊಳ್ಳುತ್ತಾಳೆ, ಕೆಟ್ಟದ್ದನ್ನು ಹೊಸ್ತಿಲಲ್ಲೇ ಬಿಟ್ಟು ಬರುತ್ತಾಳೆ. ಹಾಗಾಗಿ ನಷ್ಟದ ಒಂದು ಪಾಲು ಬಟ್ಟೆ ಉಟ್ಟವರ ಮನೆಯಲ್ಲೇ ಉಳಿಯುತ್ತದೆ. ಆದರೆ ಸುಳ್ಳು ದಾಖಲೆಯ ವಿದೇಶಿ ಬೇಲ್ ಅದೇ ಸಂತೆಗೆ ಅಗ್ಗಕ್ಕೆ ಬಂದು ಬಿದ್ದರೆ ಮೊದಲು ಏಟು ತಿನ್ನುವವಳೂ ಇವಳೇ. ನಮ್ಮ ಆಮದು ನಿಯಮ ಯಾರನ್ನು ಕಾಪಾಡಬೇಕೋ ಅವರ ಪಟ್ಟಿಯಲ್ಲಿ ಇವಳ ಹೆಸರು ಎಲ್ಲೂ ಇಲ್ಲ.

ಕರ್ನಾಟಕದಲ್ಲೂ ಇದರ ತುಣುಕುಗಳು ಕಾಣುತ್ತವೆ. ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಹತ್ತಿರದ ಸಂಡೇ ಬಜಾರಿನಲ್ಲಿ ಹಳೇ ಪ್ಯಾಂಟು, ಶೂಗಳ ರಾಶಿ ಬೀಳುತ್ತದೆ. ಇದನ್ನು ಎಕ್ಸ್‌ಪೋರ್ಟ್ ಸರ್‌ಪ್ಲಸ್ ಜೊತೆ ಬೆರೆಸಬಾರದು. ಅದು ಗಾರ್ಮೆಂಟ್ ಕಾರ್ಖಾನೆಯಿಂದ ರಫ್ತಾಗದೆ ಉಳಿದ ಹೊಸ ಮಾಲು. ಊರೂರು ಸುತ್ತಿ ‘ಹಳೇ ರೇಷ್ಮೆ ಸೀರೆ, ಜರಿ ಸೀರೆ’ ಎಂದು ಕೂಗುವವರಿಗೆ ಬೇಕಾದದ್ದು ಸೀರೆಯಲ್ಲ, ಜರಿಯಲ್ಲಿರುವ ಬೆಳ್ಳಿ. ಉತ್ತರ ಕರ್ನಾಟಕದಲ್ಲಿ ಹಳೇ ಸೀರೆಗಳನ್ನು ಪದರ ಪದರವಾಗಿ ಹಾಕಿ ಕೌದಿ ಹೊಲಿಯುತ್ತಾರೆ. ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿಗಳಿಗೆ ಈಗ ಹೊರಗಿನ ಗಿರಾಕಿಗಳೂ ಇದ್ದಾರೆ. ಆದರೆ ಕೌದಿಗೆ ಬೇಕಾದದ್ದು ಒಗೆದೂ ಒಗೆದೂ ಮೆತ್ತಗಾದ ಹತ್ತಿ ಬಟ್ಟೆ. ಪಾಲಿಯೆಸ್ಟರ್ ಸೀರೆ ಎಷ್ಟು ಒಗೆದರೂ ಹಾಗಾಗುವುದಿಲ್ಲ. ಬೆವರು ಹೀರುವುದಿಲ್ಲ, ನೆಲ ಒರೆಸಲೂ ಬರುವುದಿಲ್ಲ. ಬೆಂಗಳೂರಿನ ಒಣಕಸ ಸಂಗ್ರಹ ಕೇಂದ್ರಗಳಲ್ಲಿ ಹಾಲಿನ ಕವರಿಗೆ, ರಟ್ಟಿಗೆ ಗುಜರಿ ಬೆಲೆ ಇದೆ. ಬಟ್ಟೆಗೆ ಗಿರಾಕಿ ಸಿಗುವುದೇ ಕಷ್ಟ.

ತೆರಿಗೆಯ ಗೊಂದಲ

ಇದನ್ನು ಚುಟುಕಾಗಿ ಹೇಳಿಬಿಡಬಹುದು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ಜಿಎಸ್‌ಟಿ ಶೇ 5, ಅದಕ್ಕಿಂತ ಮೇಲಿನದಕ್ಕೆ ಶೇ 18. ಬಳಸಿದ ವಸ್ತುಗಳನ್ನು ಕೊಂಡು ಮಾರುವ ನೋಂದಾಯಿತ ವ್ಯಾಪಾರಿ, ಖರೀದಿಯ ಮೇಲಿನ ತೆರಿಗೆ ವಾಪಸ್ ಕೇಳದಿದ್ದರೆ, ಪೂರ್ತಿ ಬೆಲೆಯ ಬದಲು ತನ್ನ ಲಾಭದ ಅಂತರದ ಮೇಲೆ ಮಾತ್ರ ತೆರಿಗೆ ಕಟ್ಟಬಹುದು. ವರ್ಷಕ್ಕೆ 40 ಲಕ್ಷಕ್ಕಿಂತ ಕಮ್ಮಿ ವಹಿವಾಟಿದ್ದು ರಾಜ್ಯದೊಳಗೇ ಸರಕು ಮಾರುವವರಿಗೆ ಸಾಮಾನ್ಯವಾಗಿ ನೋಂದಣಿಯೇ ಬೇಕಿಲ್ಲ. ಫುಟ್‌ಪಾತಿನಲ್ಲಿ ಹಳೇ ಪ್ಯಾಂಟ್ ಮಾರುವವನಿಗೆ ಇದು ತಟ್ಟುವುದಿಲ್ಲ. ಆದರೂ 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ರಾಜ್ಯದ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಿಗೆ ನೋಟಿಸ್ ಬಂದ ಮೇಲೆ ಸಣ್ಣ ವ್ಯಾಪಾರಿಗಳಲ್ಲಿ ಹೆದರಿಕೆ ಇದೆ. ಇನ್‌ಸ್ಟಾಗ್ರಾಮಿನಲ್ಲಿ ‘ಥ್ರಿಫ್ಟ್’ ಹೆಸರಲ್ಲಿ ಹಳೇ ಬಟ್ಟೆಯನ್ನು ದೇಶದ ತುಂಬ ಮಾರುವವರು ಮಾತ್ರ ಲೆಕ್ಕ ಸರಿಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಯುರೋಪಿನ ನಿಯಮದಿಂದ ಮುಂದೇನು?

2025ರ ಜನವರಿಯಿಂದಲೇ ಯುರೋಪಿನ ದೇಶಗಳು ಬಟ್ಟೆಯನ್ನು ಪ್ರತ್ಯೇಕವಾಗಿ ಸಂಗ್ರಹಿಸಬೇಕು ಅನ್ನುವ ನಿಯಮ ಜಾರಿಯಲ್ಲಿದೆ. ಕಂಪನಿಗಳಿಂದ ಶುಲ್ಕ ವಸೂಲಿ ಮಾಡುವ ವ್ಯವಸ್ಥೆ ಕಟ್ಟಲು ದೇಶಗಳಿಗೆ 30 ತಿಂಗಳ ಗಡುವು ಇದೆ. ಫ್ರಾನ್ಸ್‌ನಲ್ಲಿ ಇಂಥ ವ್ಯವಸ್ಥೆಗೆ 2007ರಲ್ಲೇ ಕಾನೂನು ಬಂದಿದೆ.

ಇದರ ಮೊದಲ ಪರಿಣಾಮ ಊಹಿಸುವುದು ಸುಲಭ. ಪ್ರತ್ಯೇಕವಾಗಿ ಸಂಗ್ರಹಿಸಿದಷ್ಟೂ ಕೈಗೆ ಬರುವ ಬಟ್ಟೆ ಹೆಚ್ಚುತ್ತದೆ. ಮೊದಲು ಕಸದ ಬುಟ್ಟಿಗೆ ಹೋಗುತ್ತಿದ್ದದ್ದೂ ಈಗ ಡಬ್ಬಿಗೆ ಬೀಳುತ್ತದೆ, ಹಾಗಾಗಿ ಸರಾಸರಿ ಗುಣಮಟ್ಟ ಇಳಿಯುತ್ತದೆ. ಅದನ್ನೆಲ್ಲ ಹೊಸ ನೂಲಾಗಿಸುವಷ್ಟು ಕಾರ್ಖಾನೆಗಳು ಯುರೋಪಿನಲ್ಲಿ ಇನ್ನೂ ಇಲ್ಲ. ಹತ್ತಿ-ಪಾಲಿಯೆಸ್ಟರ್ ಬೆರೆತ ಬಟ್ಟೆಯನ್ನು ಬೇರ್ಪಡಿಸುವುದು ದುಬಾರಿ ಬೇರೆ. ಹೀಗಾಗಿ ಹೊರಕ್ಕೆ ಕಳಿಸುವ ಒತ್ತಡ ಹೆಚ್ಚುತ್ತದೆ.

ಅದಕ್ಕೆ ಅಡ್ಡಗಟ್ಟಲು ಎರಡು ನಿಯಮ ಮಾಡಿದ್ದಾರೆ. ಒಂದು, ಡಬ್ಬಿಯಿಂದ ಎತ್ತಿದ ಬಟ್ಟೆಯನ್ನು ವಿಂಗಡಿಸುವವರೆಗೂ ತ್ಯಾಜ್ಯ ಎಂದೇ ಎಣಿಸಬೇಕು. ಎರಡು, 2027ರ ಮೇ 21ರಿಂದ ತ್ಯಾಜ್ಯವನ್ನು ಒಇಸಿಡಿ ಎಂಬ ಶ್ರೀಮಂತ ರಾಷ್ಟ್ರಗಳ ಕೂಟದ ಹೊರಗಿನ ದೇಶಗಳಿಗೆ ಕಳಿಸಬೇಕಾದರೆ, ಆ ದೇಶ ತಾನು ತೆಗೆದುಕೊಳ್ಳಲು ಸಿದ್ಧ ಎಂದು ಮೊದಲೇ ತಿಳಿಸಿರಬೇಕು, ಅದನ್ನು ಸರಿಯಾಗಿ ನಿಭಾಯಿಸುವ ಶಕ್ತಿ ತೋರಿಸಿರಬೇಕು. ಕಾಗದದ ಮೇಲೆ ಇದು ಚೆನ್ನಾಗಿದೆ. ತೊಂದರೆ ಏನೆಂದರೆ, ವಿಂಗಡಿಸಿ ‘ಮತ್ತೆ ಉಡಬಹುದು’ ಎಂಬ ಚೀಟಿ ಅಂಟಿಸಿದ ಕೂಡಲೇ ಅದು ತ್ಯಾಜ್ಯವಲ್ಲ, ಸರಕು. ಆ ಚೀಟಿ ಅಂಟಿಸುವವನಿಗೆ ಬೇಲ್ ಹೋದರೆ ಲಾಭ, ಉಳಿದರೆ ಖರ್ಚು. ಅನುಮಾನದ ಅಂಗಿಯನ್ನು ಅವನು ಯಾವ ಗುಡ್ಡೆಗೆ ಎಸೆಯುತ್ತಾನೆ ಎಂದು ಹೇಳಬೇಕಿಲ್ಲ.

ಶುಲ್ಕದ ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನುವುದು ಇನ್ನೊಂದು ಪ್ರಶ್ನೆ. ಕಂಪನಿ ಕಟ್ಟಿದ ದುಡ್ಡು ಯುರೋಪಿನ ಸಂಗ್ರಹ, ವಿಂಗಡಣೆಗೇ ಖರ್ಚಾದರೆ, ಬಟ್ಟೆ ಮಾತ್ರ ಆಕ್ರಾಕ್ಕೆ ಹೋಗಿ ದುಡ್ಡು ಯುರೋಪಿನಲ್ಲೇ ಉಳಿಯುತ್ತದೆ. ಬಟ್ಟೆಯ ಹಿಂದೆಯೇ ದುಡ್ಡೂ ಬರಲಿ ಎಂಬ ಘಾನಾದವರ ಬೇಡಿಕೆ ಹುಟ್ಟಿದ್ದು ಇದರಿಂದ. ಈ ಮಟ್ಟಿಗೆ ಕಾಂಟಮಾಂಟೊ ವ್ಯಾಪಾರಿಯೂ ಪರಿಸರವಾದಿಯೂ ಒಂದಾಗಬಹುದಿತ್ತು. ಕಸದ ಅಂಕಿಯ ಜಗಳದಲ್ಲಿ ಅದು ಹಿಂದೆ ಬಿದ್ದಿದೆ.

ಭಾರತಕ್ಕೆ ಇದರಲ್ಲಿ ಎರಡು ಕಡೆಯ ಸೆಳೆತ ಇದೆ. ಪಾಣಿಪತ್ತಿಗೆ, ಕಾಂಡ್ಲಾಕ್ಕೆ ಹೆಚ್ಚು ಮಾಲು ಬೇಕು. ಅವರು ಆಮದು ಸಡಿಲಿಸಿ ಅನ್ನುತ್ತಾರೆ. ಹೊಸ ಬಟ್ಟೆ ತಯಾರಕರು ಬಿಗಿ ಮಾಡಿ ಅನ್ನುತ್ತಾರೆ. ಪಾತ್ರೆ ಹೊತ್ತು ತಿರುಗುವವಳನ್ನು, ಒಣಕಸ ಕೇಂದ್ರದಲ್ಲಿ ಬಟ್ಟೆಯ ಮೂಟೆ ಇಟ್ಟುಕೊಂಡು ಕೂತವರನ್ನು ಯಾರೂ ಕೇಳುತ್ತಿಲ್ಲ. ಪ್ಲಾಸ್ಟಿಕ್ಕಿಗೆ, ಬ್ಯಾಟರಿಗೆ ನಮ್ಮಲ್ಲಿ ತಯಾರಕರ ಹೊಣೆಗಾರಿಕೆಯ ನಿಯಮಗಳು ಬಂದಿವೆ. ನಾಳೆ ಬಟ್ಟೆಗೂ ಬಂದರೆ ಆಗ ನೋಡಬೇಕಾದದ್ದು ಶುಲ್ಕ ಎಷ್ಟು ಅನ್ನುವುದಕ್ಕಿಂತ, ಅದು ಯಾರ ಕೈ ಸೇರುತ್ತದೆ ಅನ್ನುವುದನ್ನು. ದುಡ್ಡು ದೊಡ್ಡ ಮರುಬಳಕೆ ಕಂಪನಿಯ ಗೇಟಿನಲ್ಲೇ ನಿಂತುಬಿಟ್ಟರೆ, ಒಣಕಸ ಕೇಂದ್ರದಲ್ಲಿ ಪಾಲಿಯೆಸ್ಟರ್ ಸೀರೆಯ ಮೂಟೆಗೆ ಈಗಿನಂತೆ ಆಗಲೂ ಗಿರಾಕಿ ಸಿಗುವುದಿಲ್ಲ.